‘ಲೆಕ್ಕ ಬರುತ್ತೆ, ಆದ್ರೆ ಮಾಡಿಲ್ಲ’: ಹಾಗಾದರೆ ಬಿ+ ಅಂದರೇನು?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಮ್ಮದು ಬೇಲೂರು ತಾಲ್ಲೂಕು, ಅರೇಹಳ್ಳಿ ಹತ್ತಿರದ ಒಂದು ಊರು. ಮಗ ಸರ್ಕಾರಿ ಶಾಲೆಯಲ್ಲಿ 4ನೇ ತರಗತಿ. ಲೆಕ್ಕದಲ್ಲಿ ಚುರುಕು. ಅಂಗಡಿಗೆ ಕಳಿಸಿದರೆ ಚಿಲ್ಲರೆಯಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಆಗಲ್ಲ. ಕೂಲಿಯವರ ವಾರದ ಲೆಕ್ಕವನ್ನು ನಮ್ಮ ಯಜಮಾನರು ಬರೆಯುವ ಮೊದಲೇ ಬಾಯಲ್ಲಿ ಹೇಳುತ್ತಾನೆ. ಆದರೆ ದಸರಾ ರಜ ಮುಗಿದ ಮೇಲೆ ಕೊಟ್ಟ ಪ್ರಗತಿ ಪತ್ರದಲ್ಲಿ ಗಣಿತಕ್ಕೆ ಬಿ+ ಬಂದಿದೆ. ಪಕ್ಕದ ಮನೆ ಹುಡುಗಿ ಅದೇ ತರಗತಿ, ಅವಳಿಗೆ ಎ. ಕಳೆಯುವ ಲೆಕ್ಕ ಬಂದರೆ ಅವಳು ಇವನನ್ನೇ ಕೇಳಲು ಬರುತ್ತಾಳೆ! ಮಿಸ್ ಹತ್ತಿರ ವಿಚಾರಿಸಿದರೆ, ‘ಹುಡುಗನಿಗೆ ಎಲ್ಲ ಬರುತ್ತೆ, ಆದ್ರೆ ಕೊಟ್ಟ ಕೆಲಸ ಪೂರ್ತಿ ಮಾಡಲ್ಲ’ ಅಂದರು. ಹಾಗಾದರೆ ಗ್ರೇಡ್ ಕೊಡುವುದು ಬುದ್ಧಿಗೋ, ಕೆಲಸಕ್ಕೋ? ಇಬ್ಬರ ಅಂಕ ಹೀಗಿದೆ (ಪಾಠದ ನಡುವೆ ಮಾಡುವ ಎಫ್‌ಎಗೆ 15 ಅಂಕ, ಅರ್ಧ ವರ್ಷಕ್ಕೆ ಮಾಡುವ ಎಸ್‌ಎಗೆ 20). ನನ್ನ ಮಗನಿಗೆ ಎಫ್‌ಎ1ರಲ್ಲಿ 7, ಎಫ್‌ಎ2ರಲ್ಲಿ 8, ಎಸ್‌ಎ1ರಲ್ಲಿ 17. ಹುಡುಗಿಗೆ 14, 14, 11.

ಉತ್ತರ: ಅಂಕ ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತಮ್ಮ. ಬರೀ ‘ಬಿ+ ಬಂದಿದೆ’ ಅಂತ ಕೇಳಿದ್ದರೆ ನಾನೂ ಸುಮ್ನೆ ಸಮಾಧಾನದ ನಾಲ್ಕು ಮಾತು ಹೇಳಿ ಕೈತೊಳೆದುಕೊಳ್ಳಬೇಕಾಗುತ್ತಿತ್ತು.

ಬುದ್ಧಿಗೋ ಕೆಲಸಕ್ಕೋ ಅಂತ ಕೇಳಿದ್ದೀರಿ. ಎರಡಕ್ಕೂ. ಎರಡನ್ನೂ ಬೆರೆಸಿ ಒಂದೇ ಅಕ್ಷರ ಮಾಡಿಕೊಟ್ಟಿರುತ್ತಾರೆ. ಹಾಸನದ ಯಾವುದೇ ಕಾಫಿಪುಡಿ ಅಂಗಡಿಗೆ ಹೋಗಿ, ‘ಚಿಕೋರಿ ಎಷ್ಟು ಹಾಕ್ಲಿ?’ ಅಂತ ಮೊದಲೇ ಕೇಳುತ್ತಾರೆ. ಪ್ಯಾಕೆಟ್ ಕೊಂಡರೂ ಕಾಫಿ ಇಷ್ಟು, ಚಿಕೋರಿ ಇಷ್ಟು ಅಂತ ಮೇಲೆ ಅಚ್ಚಾಗಿರಲೇಬೇಕು, ಅದು ಕಾನೂನು. ಪ್ರಗತಿ ಪತ್ರಕ್ಕೆ ಆ ಕಾನೂನು ಇಲ್ಲ. ಬಿ+ನಲ್ಲಿ ಲೆಕ್ಕ ಬರುವುದು ಎಷ್ಟು, ಪುಸ್ತಕ ತುಂಬಿಸಿದ್ದು ಎಷ್ಟು ಅಂತ ಯಾರೂ ಬರೆಯುವುದಿಲ್ಲ. ನಾವೇ ಒಡೆದು ನೋಡಬೇಕು. ನೀವು ಕಳಿಸಿದ ಆರು ಅಂಕಗಳಿಂದ ಅದು ಚೆನ್ನಾಗಿ ಒಡೆಯುತ್ತದೆ.

ಅದಕ್ಕೆ ಮುಂಚೆ ಒಂದು ಮಾತು. ‘ಬುದ್ಧಿ’ ಅನ್ನುವ ಪದವನ್ನು ಸ್ವಲ್ಪ ಪಕ್ಕಕ್ಕೆ ಇಡೋಣ. ಯಾವ ಎಫ್‌ಎ, ಎಸ್‌ಎಯೂ ಮಗುವಿನ ಬುದ್ಧಿ ಅಳೆಯುವುದಿಲ್ಲ. ಕಳೆಯುವ ಲೆಕ್ಕ ‘ಬರುತ್ತದಾ’, ಓದಲು ‘ಬರುತ್ತದಾ’ ಅಂತ ಮಾತ್ರ ಹೇಳಬಹುದು, ಅದೂ ಆ ದಿನಕ್ಕೆ. ಇವತ್ತು ಬಾರದ್ದು ಮುಂದಿನ ತಿಂಗಳು ಬರುತ್ತದೆ. ಹಾಗಾಗಿ ನಾನು ‘ಬರುತ್ತದೆ’ ಮತ್ತು ‘ಮಾಡಿದ್ದಾನೆ’ ಅನ್ನುವ ಎರಡು ಮಾತನ್ನೇ ಬಳಸುತ್ತೇನೆ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ, ಅಂದರೆ ರೂಪಣಾತ್ಮಕ ಮೌಲ್ಯಮಾಪನ. ಎರಡು ಎಸ್‌ಎ, ಅಂದರೆ ಸಂಕಲನಾತ್ಮಕ ಮೌಲ್ಯಮಾಪನ. ಹೆಸರು ಕೇಳಿ ಹೆದರಬೇಡಿ. ಪಾಠ ನಡೆಯುತ್ತಿರುವಾಗ ನೋಡುವುದು ಎಫ್‌ಎ, ಅರ್ಧ ವರ್ಷ ಮುಗಿದ ಮೇಲೆ ನೋಡುವುದು ಎಸ್‌ಎ. ಒಂದೊಂದು ಎಫ್‌ಎಗೆ 15, ಒಂದೊಂದು ಎಸ್‌ಎಗೆ 20. ನಾಲ್ಕು ಹದಿನೈದಲ 60, ಎರಡು ಇಪ್ಪತ್ತಲ 40, ಒಟ್ಟು 100. ಅರ್ಧ ವರ್ಷಕ್ಕೆ 50. ಈ ಅಂಕವನ್ನು ನೂರಕ್ಕೆ ತಿರುಗಿಸಿ 90 ಅಥವಾ ಅದಕ್ಕೂ ಮೇಲಿದ್ದರೆ ಎ+, 70ರಿಂದ 89 ಎ, 50ರಿಂದ 69 ಬಿ+, 30ರಿಂದ 49 ಬಿ, ಅದಕ್ಕೂ ಕೆಳಗೆ ಸಿ.

ನಿಮ್ಮ ಮಗನದು 7, 8, 17 ಸೇರಿ 32. ನೂರಕ್ಕೆ 64, ಬಿ+. ಹುಡುಗಿಯದು 14, 14, 11 ಸೇರಿ 39. ನೂರಕ್ಕೆ 78, ಎ. ಕೂಡಿದ್ದರಲ್ಲಿ ಮಿಸ್ ಏನೂ ತಪ್ಪು ಮಾಡಿಲ್ಲ.

ಈಗ ಬರೀ ಎಸ್‌ಎ ನೋಡಿ. ನಿಮ್ಮ ಮಗನಿಗೆ 20ಕ್ಕೆ 17, ನೂರಕ್ಕೆ 85. ಅದೊಂದೇ ಲೆಕ್ಕಕ್ಕೆ ತೆಗೆದುಕೊಂಡರೆ ಎ. ಹುಡುಗಿಗೆ 20ಕ್ಕೆ 11, ನೂರಕ್ಕೆ 55. ಬಿ+. ಇಬ್ಬರ ಗ್ರೇಡೂ ಅದಲುಬದಲು! ಎಫ್‌ಎ ಎರಡನ್ನು ಮಾತ್ರ ತೆಗೆದುಕೊಂಡರೆ ಅವನಿಗೆ 30ಕ್ಕೆ 15, ಅವಳಿಗೆ 30ಕ್ಕೆ 28. ಅವನು ಬಿ+ನ ಹೊಸ್ತಿಲಲ್ಲಿ, ಅವಳು ಎ+. ಒಂದೇ ಕ್ಲಾಸು, ಒಂದೇ ಪಾಠ, ಒಬ್ಬರೇ ಮಿಸ್. ಯಾವ ಕಡೆಯಿಂದ ನೋಡುತ್ತೀರಿ ಅನ್ನುವುದರ ಮೇಲೆ ಯಾರು ಮುಂದೆ ಅನ್ನುವುದೇ ತಿರುಗಿಬಿಡುತ್ತದೆ.

ಹಾಗಾದರೆ ಎಫ್‌ಎ ಅಂದರೆ ಬರೀ ಕೆಲಸ ಮುಗಿಸಿದ್ದಕ್ಕೆ ಕೊಡುವ ಅಂಕವಾ? ಇರಬಾರದು. ಆದರೆ ಎಷ್ಟೋ ಕಡೆ ಹಾಗೆ ಆಗಿಬಿಟ್ಟಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಏನು ಹೇಳುತ್ತದೆ ಅಂದರೆ, ಮಗುವಿಗೆ ಎಷ್ಟು ಅರ್ಥವಾಗಿದೆ, ಅರ್ಥವಾದದ್ದನ್ನು ಬಳಸಲು ಬರುತ್ತದಾ ಅಂತ ನಿರಂತರವಾಗಿ, ಎಲ್ಲ ಕಡೆಯಿಂದ ನೋಡುತ್ತಿರಬೇಕು. ಅಲ್ಲಿ ನೋಟ್‌ಬುಕ್ಕಿನ ಮಾತೇ ಇಲ್ಲ. ಮೂರು ಗಂಟೆಯ ಪರೀಕ್ಷೆಯಲ್ಲಿ ಹೆದರಿ ಕೂತ ಮಗುವಿಗೆ ಅನ್ಯಾಯ ಆಗಬಾರದು, ದಿನದಿನದ ಕಲಿಕೆಯೂ ಎಣಿಕೆಗೆ ಬರಲಿ ಅಂತಲೇ ಎಫ್‌ಎ ಬಂದದ್ದು. ಮಗು ಗುಂಪಿನಲ್ಲಿ ಹೇಗೆ ಮಾತಾಡುತ್ತದೆ, ಹುಣಸೆಬೀಜ ಇಟ್ಟುಕೊಂಡು ಹೇಗೆ ಗುಂಪು ಮಾಡುತ್ತದೆ, ಬಾಯಲ್ಲಿ ಕೇಳಿದರೆ ಏನು ಹೇಳುತ್ತದೆ, ಇವೆಲ್ಲ ಅದರಲ್ಲಿ ಬರಬೇಕು. ಆ ಲೆಕ್ಕದಲ್ಲಿ ನಿಮ್ಮ ಮಗನಂಥವನಿಗೆ ಎಫ್‌ಎಯಲ್ಲೇ ಜಾಸ್ತಿ ಸಿಗಬೇಕಿತ್ತು, ಅಲ್ವಾ?

ಆಗುವುದು ಏನು? ನಾನು 31 ವರ್ಷ ಹಾಸನ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿದವನು. ಒಬ್ಬರೋ ಇಬ್ಬರೋ ಮೇಷ್ಟ್ರು, ಒಂದರಿಂದ ಐದರವರೆಗೆ ಮಕ್ಕಳು. ಬಿಸಿಯೂಟದ ಅಕ್ಕಿ ಬೇಳೆ ಲೆಕ್ಕ, ಹಾಲು ಮೊಟ್ಟೆ ಲೆಕ್ಕ, ಆನ್‌ಲೈನಿನಲ್ಲಿ ತುಂಬುವ ಹತ್ತಾರು ಮಾಹಿತಿ, ಎಲ್ಲ ಅವರ ತಲೆ ಮೇಲೆ. ಅದರ ನಡುವೆ ಪ್ರತಿ ಮಗುವಿಗೆ, ಪ್ರತಿ ವಿಷಯಕ್ಕೆ, ವರ್ಷಕ್ಕೆ ನಾಲ್ಕು ಸಲ ಎಫ್‌ಎ. ಕೊಟ್ಟ ಅಂಕಕ್ಕೆ ದಾಖಲೆ ಇರಬೇಕು. ಮೇಲಿನವರು ಶಾಲೆಗೆ ಬಂದರೆ ಕೇಳುವುದು ಕೃತಿಸಂಪುಟ (ಮಗು ಮಾಡಿದ ಕೆಲಸಗಳನ್ನು ಸೇರಿಸಿಟ್ಟ ಕಡತ), ಚಟುವಟಿಕೆ ಹಾಳೆ, ಅಂಕವಹಿ. ಮಗು ಬಾಯಲ್ಲಿ ಹೇಳಿದ ಉತ್ತರಕ್ಕೆ ಕಾಗದ ಇರುವುದಿಲ್ಲ. ಚಾರ್ಟ್ ಮೇಲೆ ಅಂಟಿಸಿದ ಚಿತ್ರಕ್ಕೆ ಇರುತ್ತದೆ. ಹಾಗಾಗಿ ‘ಇವನಿಗೆ ಬರುತ್ತದಾ?’ ಅನ್ನುವ ಪ್ರಶ್ನೆ ಮೆಲ್ಲಗೆ ‘ಇವನು ತಂದನಾ?’ ಅಂತ ಬದಲಾಗುತ್ತದೆ. ಯಾರೂ ಬೇಕಂತ ಮಾಡುವುದಲ್ಲ. ಟಿಕ್ ಹಾಕಲು ಸುಲಭವಾದದ್ದಕ್ಕೆ ಟಿಕ್ ಬೀಳುತ್ತದೆ.

ನಾನೂ ಮಾಡಿದ್ದೇನೆ. 2012ರ ಸುಮಾರು, ಅರಕಲಗೂಡು ಕಡೆಯ ಒಂದು ಶಾಲೆ. ಐದನೇ ಕ್ಲಾಸಿನ ಒಬ್ಬ ಹುಡುಗಿ. ನೋಟ್‌ಬುಕ್ ನೋಡಿದರೆ ಕಣ್ಣಿಗೆ ಹಬ್ಬ. ಒಂದು ಅಕ್ಷರ ಗೆರೆ ಬಿಟ್ಟು ಆಚೆ ಹೋಗುತ್ತಿರಲಿಲ್ಲ. ಕನ್ನಡಕ್ಕೆ ಎಫ್‌ಎ ಎರಡರಲ್ಲೂ ಪೂರ್ತಿ ಹದಿನೈದು ಹಾಕಿದ್ದೆ. ಒಂದು ದಿನ ಬುತ್ತಿ ಸುತ್ತಿ ತಂದಿದ್ದ ಹಳೇ ಪೇಪರ್ ಕೈಗೆ ಸಿಕ್ಕಿತು. ‘ಇದೇನು ಬರೆದಿದೆ ಓದು ನೋಡೋಣ’ ಅಂತ ಸುಮ್ನೆ ಕೊಟ್ಟೆ. ಪೇಪರ್ ಹಿಡಿದುಕೊಂಡು ನಿಂತಳು. ಮೊದಲನೆಯ ಅಕ್ಷರ ‘ಮ’ ಅಂದಳು. ಆಮೇಲೆ ಮಾತಿಲ್ಲ. ಕಣ್ಣಲ್ಲಿ ನೀರು. ಆಮೇಲೆ ಗೊತ್ತಾಯಿತು, ಅವಳು ಪಕ್ಕದವಳ ಪುಸ್ತಕ ಇಟ್ಟುಕೊಂಡು ರಂಗೋಲಿ ಹಾಕಿದ ಹಾಗೆ ಅಕ್ಷರಗಳನ್ನು ಬಿಡಿಸುತ್ತಿದ್ದಳು, ಓದುತ್ತಿರಲಿಲ್ಲ. ಪಾಠದ ಪದ್ಯ ಎಲ್ಲ ಬಾಯಿಪಾಠ. ಐದನೇ ಕ್ಲಾಸಿನವರೆಗೆ ಯಾರಿಗೂ ಅನುಮಾನ ಬಂದಿರಲಿಲ್ಲ, ಯಾಕೆಂದರೆ ಅವಳು ಯಾವತ್ತೂ ಒಂದೇ ಒಂದು ಕೆಲಸ ಬಾಕಿ ಇಟ್ಟವಳಲ್ಲ. ಅವಳ ಕಾರ್ಡಿಗೆ ಸಹಿ ಹಾಕಿದ್ದು ನಾನೇ.

ಇನ್ನೊಂದು ವಿಷಯ. ‘ಕೆಲಸ ಪೂರ್ತಿ ಮಾಡಿದ’ ಅನ್ನುವುದರಲ್ಲಿ ಮಗುವಿನ ಕೆಲಸ ಎಷ್ಟು, ಮನೆಯವರ ಕೆಲಸ ಎಷ್ಟು? ಪ್ರಾಜೆಕ್ಟ್ ಅಂದ ಕೂಡಲೇ ಸ್ಟೇಷನರಿ ಅಂಗಡಿಗೆ ಓಡುವುದು, ಹಣ್ಣು ತರಕಾರಿಯ ಚಿತ್ರದ ಹಾಳೆ ತರುವುದು, ಕತ್ತರಿಸುವುದು ಅಮ್ಮ, ಅಂಟಿಸುವುದು ಅಕ್ಕ, ಹೆಸರು ಬರೆಯುವುದು ಮಾತ್ರ ಮಗು. ತೋಟದ ಲೈನ್ ಮನೆಯಲ್ಲಿ, ಅಂದರೆ ಸಾಲುಮನೆಯಲ್ಲಿ, ಇರುವ ಕೂಲಿಯವರ ಮಗುವಿಗೆ ಆ ಹಾಳೆ ತರಲು ಯಾರಿದ್ದಾರೆ? ಅಪ್ಪ ಅಮ್ಮ ಕತ್ತಲಾದ ಮೇಲೆ ಮನೆಗೆ ಬರುವವರು. ಆ ಮಗುವಿನ ಎಫ್‌ಎ ಕಮ್ಮಿ ಆದರೆ ನಾವು ಅಳೆದದ್ದು ಮಗುವನ್ನಲ್ಲ, ಮನೆಯನ್ನು.

ನಿಮ್ಮ ಕಡೆ ಮಳೆ ಬೇರೆ. ಎಫ್‌ಎ1 ಬರುವುದು ಜುಲೈ ಹೊತ್ತಿಗೆ. ಮಲೆನಾಡಿಗೆ ಮಳೆ ರಜ ಬೀಳುವುದೂ ಆಗಲೇ. ಕಾಡಾನೆ ಊರ ಹತ್ತಿರ ಬಂದಿದೆ ಅಂತ ಮೆಸೇಜ್ ಬಂದ ದಿನ ಮಕ್ಕಳನ್ನು ಒಬ್ಬೊಬ್ಬರೇ ಕಳಿಸಲು ಯಾವ ತಾಯಿಗೂ ಧೈರ್ಯ ಬರುವುದಿಲ್ಲ. ಇದನ್ನೆಲ್ಲ ಅಂಕವಹಿ ಕೇಳುವುದಿಲ್ಲ. ಆ ಏಳು ಅಂಕದ ಹಿಂದೆ ಎಷ್ಟು ದಿನದ ಗೈರು ಇದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ.

ಸರಿ, ಎಫ್‌ಎ ಬಿಟ್ಟು ಎಸ್‌ಎಯ 17ನ್ನೇ ನಂಬಿಬಿಡೋಣವಾ? ಅದೂ ಪೂರ್ತಿ ಬೇಡ. ಪ್ರಶ್ನೆಪತ್ರಿಕೆಯ ಅಂಕವೂ ತಕ್ಕಡಿ ಇದ್ದ ಹಾಗೆ ಅಲ್ಲ. 1913ರಲ್ಲಿ ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಅನ್ನುವ ಇಬ್ಬರು ಒಂದೇ ರೇಖಾಗಣಿತದ ಉತ್ತರಪತ್ರಿಕೆಯನ್ನು ನೂರಕ್ಕೂ ಜಾಸ್ತಿ ಮೇಷ್ಟ್ರುಗಳಿಗೆ ಕಳಿಸಿ ತಿದ್ದಿಸಿದರು. ಒಬ್ಬರು ನೂರಕ್ಕೆ 30ಕ್ಕಿಂತ ಕಮ್ಮಿ ಕೊಟ್ಟರೆ ಇನ್ನೊಬ್ಬರು 90ಕ್ಕಿಂತ ಜಾಸ್ತಿ ಕೊಟ್ಟಿದ್ದರು. ಅದೂ ಗಣಿತದಲ್ಲಿ! ಉತ್ತರ ಸರಿಯಿದ್ದರೆ ಸಾಕು ಅನ್ನುವವರು ಒಬ್ಬರು, ಹಂತ ಬರೆಯದಿದ್ದರೆ ಅಂಕ ಕತ್ತರಿಸುವವರು ಇನ್ನೊಬ್ಬರು. ನಮ್ಮಲ್ಲೂ ಅಷ್ಟೇ. ಅದಕ್ಕೇ ಹೇಳುವುದು, 69ಕ್ಕೆ ಬಿ+ ಬಂದವನಿಗೂ 70ಕ್ಕೆ ಎ ಬಂದವನಿಗೂ ಇರುವ ಅಂತರ ಒಂದು ಅಂಕ. 50 ಮತ್ತು 69ರ ನಡುವೆ ಅಷ್ಟು ದೂರ ಇದ್ದರೂ ಇಬ್ಬರಿಗೂ ಅದೇ ಬಿ+. ಅಕ್ಷರಕ್ಕಿಂತ ಅಂಕ ನೋಡಿ, ಅಂಕಕ್ಕಿಂತ ಪುಸ್ತಕ ನೋಡಿ. ಪುಸ್ತಕಕ್ಕಿಂತಲೂ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.

ಹೇಗೆ ನೋಡುವುದು? ಇದು ಮನೆಯಲ್ಲೇ ಹತ್ತು ನಿಮಿಷದ ಕೆಲಸ. ಒಂದು ಲೆಕ್ಕ ತೆಗೆದುಕೊಳ್ಳಿ, 402ರಿಂದ 178 ಕಳೆಯುವುದು. ಮೊದಲು ಬಾಯಲ್ಲಿ ಕೇಳಿ. ‘402 ರೂಪಾಯಿ ಕೊಟ್ಟೆ, 178 ರೂಪಾಯಿ ಸಾಮಾನು ತಂದೆ, ಚಿಲ್ಲರೆ ಎಷ್ಟು ಬರಬೇಕು?’ ನಿಮ್ಮ ಮಗ ಬಹುಶಃ ಹೀಗೆ ಹೋಗುತ್ತಾನೆ: 178ಕ್ಕೆ 2 ಹಾಕಿದರೆ 180, ಇನ್ನು 20 ಹಾಕಿದರೆ 200, ಇನ್ನು 200 ಹಾಕಿದರೆ 400, ಮೇಲೆ 2. ಒಟ್ಟು 224. ಅಂಗಡಿಯವರು ಚಿಲ್ಲರೆ ಎಣಿಸಿಕೊಡುವ ರೀತಿಯೇ ಇದು. ನೂರಕ್ಕೆ ನೂರು ಸರಿಯಾದ ಗಣಿತ. ‘ಯಾರು ಹೇಳಿಕೊಟ್ಟದ್ದು ಹೀಗೆ?’ ಅಂತ ಗದರಬೇಡಿ.

ಆಮೇಲೆ ಅದೇ ಲೆಕ್ಕವನ್ನು ಕಾಗದದ ಮೇಲೆ ಕೆಳಗೆ ಮೇಲೆ ಬರೆದು ಮಾಡಿಸಿ. ಪೆನ್ಸಿಲ್ ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತಿರಿ. 224 ಬರೆದರೆ ಬಾಯಲ್ಲಿ ಬಂದದ್ದು ಕೈಗೂ ಇಳಿದಿದೆ ಅಂತ ಅರ್ಥ, ಅವನಿಗೆ ಬೇಕಾದದ್ದು ಕೆಲಸ ಮುಗಿಸುವ ಅಭ್ಯಾಸ ಮಾತ್ರ. 376 ಬರೆದರೆ? ಅಲ್ಲಿ ಅವನು ಮೇಲೆ ಕೆಳಗೆ ನೋಡದೆ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾನೆ: 8ರಿಂದ 2, 7ರಿಂದ ಸೊನ್ನೆ, 4ರಿಂದ 1. ನಾಲ್ಕನೇ ಕ್ಲಾಸಿನಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದು. 334 ಬರೆದರೆ ಅದು ಬೇರೆ ಕಥೆ. ಎಡಗಡೆಯ ಅಂಕಿಯ ಮನೆಯಿಂದ ಸಾಲ ತರುವುದು ಗೊತ್ತು, ತಂದ ಮೇಲೆ ಆ ಮನೆಯಲ್ಲಿ ಒಂದು ಕಮ್ಮಿ ಮಾಡುವುದು ಮರೆತಿದೆ. ನಾಲ್ಕು ನಾಲ್ಕಾಗಿಯೇ ಉಳಿದಿದೆ. ಮೂರು ಮಕ್ಕಳು, ಮೂರು ಬೇರೆ ಬೇರೆ ಸ್ಥಿತಿ. ಗ್ರೇಡಿನಲ್ಲಿ ಇದು ಯಾವುದೂ ಕಾಣುವುದಿಲ್ಲ.

ಓದುವುದಕ್ಕೂ ಹೀಗೆಯೇ. ಆದರೆ ಪಠ್ಯಪುಸ್ತಕ ಕೊಡಬೇಡಿ, ಪಾಠ ಬಾಯಿಪಾಠ ಆಗಿರುತ್ತದೆ. ಗೊಬ್ಬರದ ಚೀಲ, ಕಾಫಿಪುಡಿ ಪ್ಯಾಕೆಟ್, ಮದುವೆ ಕಾಗದ, ಬಸ್ಸಿನ ಬೋರ್ಡು, ಕಣ್ಣಿಗೆ ಹೊಸತಾಗಿದ್ದು ಏನಾದರೂ ಸರಿ. ಓದಿದ ಮೇಲೆ ‘ಏನಂತೆ?’ ಅಂತ ಕೇಳಿ.

ನಿಮ್ಮ ಮಗ ನಾಲ್ಕನೇ ಕ್ಲಾಸು ಅಂದಿರಿ. ಇದರಲ್ಲಿ ಇನ್ನೊಂದು ಸಂಗತಿ ಇದೆ, ಪೋಷಕರು ಯಾರೂ ಗಮನಿಸುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರು ನಲಿಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ, ಆಮೇಲೆ ರಾಜ್ಯಕ್ಕೆಲ್ಲ ಬಂತು. ಅಲ್ಲಿ ಮಗು ಕಾರ್ಡು ತೆಗೆದುಕೊಂಡು, ನೆಲದ ಮೇಲೆ ಗುಂಪಿನಲ್ಲಿ ಕೂತು, ಕಲಿಕಾ ಏಣಿಯಲ್ಲಿ ತನ್ನದೇ ವೇಗದಲ್ಲಿ ಹತ್ತುತ್ತದೆ. ಒಂದು ಮೆಟ್ಟಿಲು ಬಂದ ಮೇಲೆ ಇನ್ನೊಂದು. ಯಾವ ಮೆಟ್ಟಿಲಲ್ಲಿದೆ ಅನ್ನುವುದನ್ನು ಪ್ರಗತಿ ನೋಟದಲ್ಲಿ ಗುರುತು ಮಾಡುತ್ತಾರೆ. ಅಂದರೆ ಅಲ್ಲಿ ನೋಡುವುದು ‘ಬಂತಾ’ ಅಂತ. ಜೂನ್‌ನಲ್ಲಿ ನಾಲ್ಕಕ್ಕೆ ಕಾಲಿಟ್ಟ ಕೂಡಲೇ ಬೆಂಚು, ಪಠ್ಯಪುಸ್ತಕ, ವಿಷಯಕ್ಕೊಂದು ನೋಟ್‌ಬುಕ್, ಬೋರ್ಡಿನಿಂದ ಬರೆದುಕೊಳ್ಳುವುದು, ಹೋಂವರ್ಕು. ಆಟದ ನಿಯಮವೇ ಬದಲಾಯಿತು, ಆದರೆ ಮಗುವಿಗೆ ಅದನ್ನು ಯಾರೂ ಕೂರಿಸಿ ಹೇಳಿರುವುದಿಲ್ಲ. ‘ನಂಗೆ ಬರುತ್ತಲ್ಲ, ಮತ್ತೆ ಯಾಕೆ ಬರೀಬೇಕು?’ ಅಂತ ನಿಮ್ಮ ಮಗ ಅಂದುಕೊಂಡಿದ್ದರೆ ಅದು ಸೋಮಾರಿತನ ಅಲ್ಲ. ಮೂರು ವರ್ಷ ಅವನಿಗೆ ಕಲಿಸಿದ್ದೇ ಅದು.

ಹಾಗಂತ, ‘ಬರೆಯದಿದ್ದರೂ ಪರವಾಗಿಲ್ಲ ಬಿಡಿ’ ಅನ್ನುತ್ತಿಲ್ಲ ನಾನು. ಬಾಯಿಲೆಕ್ಕಕ್ಕೆ ಒಂದು ಎಲ್ಲೆ ಇದೆ. 43ನ್ನು 6ರಿಂದ ಗುಣಿಸುವುದು ಬಾಯಲ್ಲಿ ಆಗುತ್ತದೆ. 437ನ್ನು 68ರಿಂದ ಗುಣಿಸು ಅಂದರೆ ಎಂಥವನಿಗೂ ಕಾಗದ ಬೇಕು. ಐದು, ಆರಕ್ಕೆ ಹೋದ ಮೇಲೆ ಭಿನ್ನರಾಶಿ, ದಶಮಾಂಶ ಬರುತ್ತದೆ. ಅಲ್ಲಿ ಹಂತ ಬರೆಯದವನು ತಾನು ಎಲ್ಲಿ ತಪ್ಪಿದೆ ಅಂತ ತಾನೇ ಹುಡುಕಲಾರ. ಚಿಕ್ಕಂದಿನಲ್ಲಿ ಬಾಯಲ್ಲೇ ಎಲ್ಲ ಹೇಳಿ ಚಪ್ಪಾಳೆ ಹೊಡೆಸಿಕೊಂಡ ಹುಡುಗರು ಏಳನೇ ಕ್ಲಾಸಿನಲ್ಲಿ ‘ಗಣಿತ ಕಷ್ಟ’ ಅಂತ ಕೂತುಬಿಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಆ ಎಫ್‌ಎಯ 7, 8 ಸುಳ್ಳಲ್ಲ. ಅದರಲ್ಲೂ ಒಂದು ಸುದ್ದಿ ಇದೆ. ಸುದ್ದಿ ಏನು ಅಂತ ಹುಡುಕಬೇಕು ಅಷ್ಟೇ.

ಕೆಲಸ ಯಾಕೆ ಮುಗಿಸುವುದಿಲ್ಲ ಅನ್ನುವುದಕ್ಕೆ ಕಾರಣ ಬೇರೆ ಬೇರೆ ಇರುತ್ತದೆ. ಹಿಂದಿನ ಬೆಂಚಿನಿಂದ ಬೋರ್ಡು ಕಾಣದೆ ಇರಬಹುದು. ನನ್ನ ಕ್ಲಾಸಿನಲ್ಲಿ ವರ್ಷಕ್ಕೆ ಒಬ್ಬರಾದರೂ ಇಂಥವರು ಸಿಗುತ್ತಿದ್ದರು, ಮುಂದೆ ಕೂರಿಸಿದರೆ ನೋಟ್ಸ್ ಪೂರ್ತಿ ಆಗುತ್ತಿತ್ತು. ಕೆಲವು ಮಕ್ಕಳಿಗೆ ಬರೆಯುವ ವೇಗ ಕಮ್ಮಿ, ಕೈ ನೋಯುತ್ತದೆ. ಲೆಕ್ಕ ಬರುತ್ತದೆ, ಆದರೆ ಲೆಕ್ಕದ ವಾಕ್ಯ ಓದಲು ಬರುವುದಿಲ್ಲ ಅನ್ನುವವರೂ ಇದ್ದಾರೆ, ಅವರು ಅದನ್ನು ಮುಚ್ಚಿಡಲು ‘ಮರೆತೆ’ ಅನ್ನುತ್ತಾರೆ. ಕೆಲವರಿಗೆ ಬರೀ ಬೇಜಾರು. ಒಂದೇ ಥರದ ಹತ್ತು ಲೆಕ್ಕದಲ್ಲಿ ಮೂರು ಮಾಡಿ ಆಟಕ್ಕೆ ಓಡುವವರು. ಮೇಲಿನ 402ರ ಲೆಕ್ಕ ಮಾಡಿಸಿದರೆ ನಿಮ್ಮವನು ಯಾವ ಪೈಕಿ ಅಂತ ಅರ್ಧ ಗೊತ್ತಾಗುತ್ತದೆ. ಉಳಿದರ್ಧ ಮಿಸ್ ಹತ್ತಿರ ಇದೆ.

ಮಿಸ್ ಹತ್ತಿರ ಹೋದಾಗ ದಯವಿಟ್ಟು ‘ನಮ್ಮ ಹುಡುಗನಿಗೆ ಯಾಕೆ ಕಮ್ಮಿ, ಅವಳಿಗೆ ಯಾಕೆ ಜಾಸ್ತಿ’ ಅಂತ ಶುರು ಮಾಡಬೇಡಿ. ಅಲ್ಲಿಗೆ ಮಾತು ಮುಗಿಯುತ್ತದೆ, ಅವರು ಅಂಕವಹಿ ತೆಗೆಯುತ್ತಾರೆ. ಎಸ್‌ಎ ಆದ ಮೇಲೆ ‘ಸಮುದಾಯದತ್ತ ಶಾಲೆ’ ಅಂತ ಪೋಷಕರನ್ನು ಕರೆದು ಮಕ್ಕಳ ಪ್ರಗತಿ ತೋರಿಸುವ ಕಾರ್ಯಕ್ರಮ ಇರುತ್ತದೆ. ಅವತ್ತು ಜನ ಜಾಸ್ತಿ ಇದ್ದರೆ ಇನ್ನೊಂದು ದಿನ ಶಾಲೆ ಬಿಡುವ ಹೊತ್ತಿಗೆ ಹೋಗಿ. ಮಗನ ಕೃತಿಸಂಪುಟ ಮತ್ತು ಎಸ್‌ಎ1ರ ಉತ್ತರಪತ್ರಿಕೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಲು ಕೇಳಿ. ‘ಮಿಸ್, ಎಫ್‌ಎಯಲ್ಲಿ ಹೋದ ಅಂಕ ಲೆಕ್ಕ ತಪ್ಪಾಗಿ ಹೋದದ್ದಾ, ಕೊಡದೆ ಇದ್ದದ್ದಕ್ಕೆ ಹೋದದ್ದಾ?’ ಇದೊಂದು ಪ್ರಶ್ನೆ ಕೇಳಿದರೆ ಸಾಕು, ನನ್ನ ಈ ಉದ್ದನೆಯ ಉತ್ತರದ ಮುಕ್ಕಾಲು ಪಾಲು ನಿಮಗೆ ಅಲ್ಲೇ ಸಿಗುತ್ತದೆ. ಕೊಡದೆ ಇದ್ದದ್ದಕ್ಕೆ ಅಂದರೆ, ‘ಬರೆದು ತಾರದಿದ್ದಾಗ ಒಂದು ಸಲ ಬಾಯಲ್ಲಿ ಕೇಳಿ ನೋಡ್ತೀರಾ?’ ಅಂತ ಕೇಳಬಹುದು. ಎಫ್‌ಎಯಲ್ಲಿ ಅದಕ್ಕೆ ಜಾಗ ಇದೆ. ಒಳ್ಳೆಯ ಮಾತಿನಲ್ಲಿ ಕೇಳಿದರೆ ಬೇಡ ಅನ್ನುವ ಮಿಸ್ ಕಮ್ಮಿ.

ಇನ್ನೊಂದು ಕೇಳಿಕೊಳ್ಳಿ. ನೋಟ್‌ಬುಕ್ಕಿನಲ್ಲಿ ಅಂಕಕ್ಕಿಂತ ಒಂದು ಸಾಲು ಬರೆಯಲಿ. ‘ಸಾಲ ತಂದ ಮೇಲೆ ಒಂದು ಕಳೆ’ ಅನ್ನುವಂಥ ಸಾಲು. 1988ರಲ್ಲಿ ರುತ್ ಬಟ್ಲರ್ ಅನ್ನುವವರು ಇಸ್ರೇಲಿನ ಐದು, ಆರನೇ ತರಗತಿ ಮಕ್ಕಳ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಬರೀ ಮಾತು ಬರೆಸಿಕೊಂಡ ಮಕ್ಕಳು ಮುಂದಿನ ಸಲ ಸುಧಾರಿಸಿದರು. ಗ್ರೇಡ್ ಮಾತ್ರ ಸಿಕ್ಕವರು ಇಲ್ಲ. ಗ್ರೇಡೂ ಮಾತೂ ಎರಡೂ ಸಿಕ್ಕವರೂ ಇಲ್ಲ. ಮಕ್ಕಳು ಗ್ರೇಡ್ ನೋಡಿ ಪುಸ್ತಕ ಮುಚ್ಚುತ್ತಾರೆ. ದೊಡ್ಡವರೂ ಅಷ್ಟೇ ಬಿಡಿ.

ಬಿ+ ಬಂತು ಅಂತ ಟ್ಯೂಷನ್‌ಗೆ ಹಾಕಬೇಕಾ ಅಂತ ಕೆಲವರು ಕೇಳುತ್ತಾರೆ, ನೀವು ಕೇಳಿಲ್ಲ, ಸಂತೋಷ. ನಾಲ್ಕನೇ ಕ್ಲಾಸಿನ ಗ್ರೇಡಿನಿಂದ ಯಾರನ್ನೂ ಫೇಲ್ ಮಾಡುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 2019ರ ತಿದ್ದುಪಡಿಯಲ್ಲೂ ಹಾಗೆ ಅದೇ ತರಗತಿಯಲ್ಲಿ ನಿಲ್ಲಿಸುವ ಮಾತು ಇರುವುದು 5 ಮತ್ತು 8ಕ್ಕೆ ಮಾತ್ರ.

ಬರೆಯುವ ಅಭ್ಯಾಸಕ್ಕೆ ನನ್ನ ಸಲಹೆ ಚಿಕ್ಕದು. ಹತ್ತು ಲೆಕ್ಕ ಬರೆ ಅಂತ ಕೂರಿಸಬೇಡಿ. ವಾರದ ಕೂಲಿ ಲೆಕ್ಕ ಅವನಿಂದಲೇ ಪುಸ್ತಕದಲ್ಲಿ ಬರೆಸಿ. ಹೆಸರು, ದಿನ, ದಿನಕ್ಕೆ ಎಷ್ಟು, ಮುಂಗಡ ಎಷ್ಟು, ಬಾಕಿ ಎಷ್ಟು. ಬಾಯಲ್ಲಿ ಹೇಳಿದ್ದನ್ನು ಯಜಮಾನರು ಒಪ್ಪಬಾರದು, ‘ಬರೆದು ತೋರಿಸು, ನಾಳೆ ಯಾರಾದ್ರೂ ಕೇಳಿದ್ರೆ?’ ಅನ್ನಬೇಕು. ಬರೆಯುವುದಕ್ಕೆ ಒಂದು ಕಾರಣ ಸಿಕ್ಕರೆ ಹುಡುಗರು ಬರೆಯುತ್ತಾರೆ. ತೋಟದ ರೈಟರ್‌ಗಳು (ಲೆಕ್ಕ ಬರೆಯುವವರು) ಎಷ್ಟು ನೀಟಾಗಿ ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಬರೆಯುತ್ತಾರೆ ಅಂತ ಒಂದು ಸಲ ತೋರಿಸಿ ಬೇಕಾದರೆ.

ನಿಮ್ಮ ಪತ್ರ ಓದಿದ ಮೇಲೆ ನನಗೆ ಜಾಸ್ತಿ ಯೋಚನೆ ಆಗಿರುವುದು ನಿಜ ಹೇಳಬೇಕೆಂದರೆ ನಿಮ್ಮ ಮಗನದ್ದಲ್ಲ, ಆ ಪಕ್ಕದ ಮನೆ ಹುಡುಗಿಯದ್ದು. ಅವಳ ಎಸ್‌ಎ 20ಕ್ಕೆ 11. ಕಳೆಯುವುದು ಬರುತ್ತಿಲ್ಲ. ಆದರೆ ಎ ಇರುವುದರಿಂದ ಅವಳ ಮನೆಯಲ್ಲಿ ಯಾರಿಗೂ ಚಿಂತೆ ಇಲ್ಲ, ಶಾಲೆಯಲ್ಲೂ ಇಲ್ಲ. ಎ ಬಂದ ಮಗುವಿನ ತಾಯಿ ನನಗೆ ಪತ್ರ ಬರೆಯುವುದಿಲ್ಲವಲ್ಲ. ಅರಕಲಗೂಡು ಕಡೆಯ ಆ ಹುಡುಗಿಗೂ ಹೀಗೇ ಆಗಿತ್ತು. ಪಕ್ಕದ ಮನೆ ಹುಡುಗಿಯ ಅಮ್ಮನಿಗೆ ನೇರವಾಗಿ ‘ನಿಮ್ಮ ಹುಡುಗಿಗೆ ಬರಲ್ಲ’ ಅಂದರೆ ನೊಂದುಕೊಳ್ಳುತ್ತಾರೆ. ಅದರ ಬದಲು ಇಬ್ಬರನ್ನೂ ಸಂಜೆ ನಿಮ್ಮ ಜಗಲಿ ಮೇಲೆ ಕೂರಿಸಿ. ಇವನು ಬಾಯಲ್ಲಿ ಹೇಳಬೇಕು, ಅವಳು ಹಂತ ಹಂತವಾಗಿ ಬರೆಯಬೇಕು. ಮರುದಿನ ಉಲ್ಟಾ, ಅವಳು ಹೇಳಬೇಕು, ಇವನು ಬರೆಯಬೇಕು. ಕಡ್ಡಿ ಕಟ್ಟು ಮಾಡಿಕೊಳ್ಳಿ, ಹತ್ತರ ಕಟ್ಟು, ನೂರರ ಕಟ್ಟು. 402ರಲ್ಲಿ ಹತ್ತರ ಮನೆ ಖಾಲಿ ಇರುವಾಗ ನೂರರ ಕಟ್ಟು ಬಿಚ್ಚಿ ಹತ್ತು ಕಟ್ಟು ಮಾಡಬೇಕಾಗುತ್ತದೆ ಅನ್ನುವುದನ್ನು ಅವಳು ಕೈಯಲ್ಲಿ ಬಿಚ್ಚಿ ನೋಡಲಿ. ಅಲ್ಲಿಯೇ ಅವಳು ಸಿಕ್ಕಿಹಾಕಿಕೊಂಡಿರುವುದು ಅಂತ ನನ್ನ ಊಹೆ.

ಇದನ್ನು ಈ ತಿಂಗಳೇ ಶುರು ಮಾಡಿ. ಮುಂದಿನ ತಿಂಗಳು ಕಾಫಿ ಹಣ್ಣು ಕೊಯ್ಲು ಬಿರುಸಾದರೆ ನಿಮಗೆ ಜಗಲಿ ಮೇಲೆ ಕೂರಲು ಪುರುಸೊತ್ತು ಇರುವುದಿಲ್ಲ, ಕಣದಲ್ಲಿ ಕಾಫಿ ಹರಡುವುದರಲ್ಲೇ ಹೊತ್ತು ಹೋಗುತ್ತದೆ. ಎಫ್‌ಎ3 ಬರುವುದೂ ಆಗಲೇ. ಅದರ ಅಂಕ ಬಂದ ಮೇಲೆ ಇಬ್ಬರದ್ದೂ ಬರೆದು ಕಳಿಸಿ. ಗ್ರೇಡ್ ಬೇಡ. 402ರ ಲೆಕ್ಕ ಮಾಡಿದ ಕಾಗದ ಇದ್ದರೆ ಅದರದ್ದೊಂದು ಫೋಟೊ ಇರಲಿ.